ಮರಿಯ ಸಿಳ್ಳೆ

ಡಾಲ್ಫಿನ್‌ಗಳಲ್ಲಿ ಒಂದೊಂದಕ್ಕೂ ತನ್ನದೇ ಸಿಳ್ಳೆ, ಮನುಷ್ಯರಿಗೆ ಹೆಸರಿದ್ದ ಹಾಗೆ. ಬಲೆಗೆ ಸಿಕ್ಕಿ ಮರಿ ಸತ್ತ ಮೇಲೂ ತಾಯಿ, ಹೊಳೆ ಕಡಲು ಸೇರುವ ಆ ಅಳಿವೆ ಬಿಟ್ಟು ಹೋಗಿರಲಿಲ್ಲ. ಈಗ ನೀರಿನ ಇಳಿತ ಶುರುವಾಗಿತ್ತು. ಕಡಲಿಗೆ ಹೋಗದಿದ್ದರೆ ಅದೂ ಮರಳಿನ ಮೇಲೆ ಬಿದ್ದು ಸಾಯುತ್ತಿತ್ತು. ಡಾಲ್ಫಿನ್‌ಗಳ ಅಧ್ಯಯನ ಮಾಡುತ್ತಿದ್ದ ಶಾಲ್ಮಲಿ, ಹಿಂದೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಮರಿಯ ಸಿಳ್ಳೆಯನ್ನು ದೋಣಿಯಿಂದ ನೀರಿಗಿಳಿಸಿದ ಸ್ಪೀಕರಿನಲ್ಲಿ ಹಾಕಿದಳು. ದೋಣಿಯಲ್ಲಿದ್ದವರಿಗೂ ಅದು ಕೇಳುತ್ತಿತ್ತು.

"ಸತ್ತ ಮರಿ ದನಿ ಕೇಳ್ಸಿ ತಾಯೀನ ಕರೀತ್ಯಲ್ಲೆ ತಂಗಿ, ಪಾಪ ತಟ್ಟೂದಿಲ್ವೇನೆ?" ದೋಣಿ ನಡೆಸುತ್ತಿದ್ದ ಜಟ್ಟಿ ತಾಂಡೇಲ ಕೇಳಿದ.

"ನಿಧಾನ ಹೋಗಿ ಜಟ್ಟಿಯಣ್ಣ. ಬರ್ತಾ ಇದೆ."

ತಾಯಿ ದೋಣಿಯ ಬೆನ್ನಿಗೇ ಬಂತು. ಅಳಿವೆ ದಾಟಿತು, ಆಳ ಸಿಕ್ಕಿತು.

"ಬದುಕ್ತು! ಇನ್ನಾದ್ರೂ ಆ ಸಿಳ್ಳೆ ನಿಲ್ಸೆ ಮಾರಾಯ್ತಿ, ಕೇಳೂಕಾಗೂದಿಲ್ಲ."

ಶಾಲ್ಮಲಿ ನೀರಿನ ಕಡೆಗೇ ನೋಡುತ್ತಿದ್ದಳು.

"ನಾನು ಆಗಲೇ ನಿಲ್ಸಿದೀನಿ ಅಣ್ಣ. ಈಗ ಮರಿಯ ಹೆಸರು ಕೂಗ್ತಿರೋದು ತಾಯಿ."