ಮಿಕ್ಸಿ ನಿಲ್ಲುವವರೆಗೆ

ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂದರೆ ಸಾಕು, ಇಂದಿಗೂ ನನ್ನ ಕಿವಿ ಫೋನಿನ ಕಡೆ ಹೋಗುತ್ತದೆ.

ಅಂದು ದೋಹಾದಲ್ಲಿ ಶುಕ್ರವಾರ ಮಧ್ಯಾಹ್ನ. ಅಜ್ಜಿ ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ಫೋನ್ ಬಂದಾಗಲೆಲ್ಲ ಅಮ್ಮ ಒಲೆಗೆ ಬಾಣಲೆ ಏರಿಸುತ್ತಿದ್ದಳು. ಬಿನ್ ಮಹಮೂದ್ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನ ಕಪಾಟಿನಲ್ಲಿ ಸಾರಿನ ಪುಡಿಯ ಡಬ್ಬಿ ಇಡಲು ಜಾಗವೇ ಉಳಿದಿರಲಿಲ್ಲ.

"ಮತ್ತೆ ನಿಮ್ಮಣ್ಣನೇ ಕಣೇ, ಎತ್ತು," ಎಂದರು ಅಪ್ಪ.

"ಕೈಯೆಲ್ಲ ಖಾರ. ಇದೊಂದು ಪುಡಿಯಾಗ್ಲಿ, ಮಾಡ್ತೀನಿ."

ಮಿಕ್ಸಿ ಗುರ್ರೆಂದಿತು. ಮೆಣಸಿನ ಘಾಟಿಗೆ ನಾನು ಕೆಮ್ಮಿದೆ. ಪುಡಿ ಹಿಟ್ಟಿನಷ್ಟು ನುಣ್ಣಗಾದರೂ ಅವಳು ನಿಲ್ಲಿಸಲಿಲ್ಲ. ಕೊನೆಗೆ ಮಿಕ್ಸಿ ನಿಂತಾಗ, ಅಪ್ಪ ಬಾಲ್ಕನಿಯಲ್ಲಿ ಫೋನ್ ಹಿಡಿದು ಮೆಲ್ಲಗೆ "ಯಾವಾಗ?" ಎಂದು ಕೇಳುತ್ತಿದ್ದರು.

ಆಮೇಲೆ ಡಬ್ಬಿಗಳೆಲ್ಲ ಒಂದೊಂದಾಗಿ ಖಾಲಿಯಾದವು. ಆ ದಿನದ ಡಬ್ಬಿಯ ಮುಚ್ಚಳವನ್ನು ಮಾತ್ರ ಅಮ್ಮ ಎಂದೂ ತೆರೆಯಲಿಲ್ಲ.