ಅಜ್ಜ ಬಿಚ್ಚಿದ ಕೊಂಡಿ

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನಗೆ ಇಳಕಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಸೀರೆಯ ಮೈಯ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಅಪ್ಪ ಬೆಳಗಿನಿಂದ ಕೂತು ಅದನ್ನು ಮುಗಿಸಿ ಊಟಕ್ಕೆ ಎದ್ದಿದ್ದ. ತಿರುಗಿ ಬರುವಷ್ಟರಲ್ಲಿ ಅಜ್ಜ ಮಗ್ಗದ ಮುಂದೆ ಕೂತು ಅರ್ಧದಷ್ಟು ಕೊಂಡಿಗಳನ್ನು ಬಿಚ್ಚಿದ್ದ. ಪಾರ್ಕಿನ್ಸನ್ ಕಾಯಿಲೆಗೆ ಕೊಟ್ಟ ಗುಳಿಗೆಯಿಂದ ಅವನ ಕೈನಡುಕ ತಗ್ಗಿತ್ತು. ಆದರೆ ಅದೇ ಗುಳಿಗೆಯಿಂದ ಕಂಡದ್ದನ್ನೆಲ್ಲ ಮತ್ತೆ ಮತ್ತೆ ಜಗ್ಗಿ ನೋಡುವುದು ಶುರುವಾಗಿತ್ತು.

"ಮತ್ತ ಬಿಚ್ಚಿದೇನಪಾ? ಹಿಂಗಾದ್ರ ಸೀರಿ ನೇಯೋದ್ಯಾವಾಗ? ಇನ್ನ ಮ್ಯಾಲ ಮಗ್ಗದ ಹತ್ರ ಬರಬ್ಯಾಡ ನೀ!" ಅಪ್ಪ ಚೀರಿದ.

"ಸಡ್ಲ ಅನಸ್ತಲೇ," ಅಂದ ಅಜ್ಜ.

"ಎಲ್ಲಾ ಗಟ್ಟಿ ಅದಾವ್ರಿ," ಅಂದಳು ಅಜ್ಜಿ. "ನೀವ ಕಲಿಸಿದ ಮಗ ಹಾಕ್ಯಾನ."

"ಗಟ್ಟಿ ಅದಾವಂತ ನನಗೂ ಗೊತ್ತೈತಿ. ಕೈ ಕೇಳವಲ್ದು." ಅಜ್ಜ ಎರಡೂ ಕೈ ಅಪ್ಪನ ಮುಂದೆ ಚಾಚಿದ. "ಕಟ್ಟಿಹಾಕೋ ಇವನ್ನ. ಮಗ್ಗ ಮಾತ್ರ ಬಿಡಸಬ್ಯಾಡ."

ಅಪ್ಪನ ಸಿಟ್ಟು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಕೂತು ಆ ಕೈಗಳನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದ.

ಅಪ್ಪನ ಹಿಡಿತದೊಳಗೂ ಅಜ್ಜನ ಬೆರಳುಗಳು ಇಲ್ಲದ ಕೊಂಡಿ ಜಗ್ಗುತ್ತಲೇ ಇದ್ದವು.