ಬಿಳಿ ಬತ್ತಿ

ಮಾರ್ಚ್ ಹನ್ನೊಂದು, ಬುಧವಾರ. ಆ ಮನೆಯಲ್ಲಿ ಕೋಣೆ ಎರಡು, ಜನ ಆರು, ದುಡಿಯುವವರು ಇಬ್ಬರು. ಅಣ್ಣ, ತಮ್ಮ, ಅವರಿಬ್ಬರ ಹೆಂಡಿರು, ಅಣ್ಣನ ಇಬ್ಬರು ಮಕ್ಕಳು. ಬೆಳಿಗ್ಗೆ ಹತ್ತೂವರೆಗೆ ಬಂದ ಗಣತಿಯವನು ಕುರ್ಚಿಯಲ್ಲಿ ಕುಳಿತು ಮೊದಲು ಕೇಳಿದ್ದು, ಒಲೆ ಎಷ್ಟು ಎಂದು.

"ಒಂದು ಒಲೆಯಲ್ಲಿ ಬೇಯಿಸಿದ್ದನ್ನ ತಿನ್ನೋರೆಲ್ಲ ಒಂದು ಸಂಸಾರ ಅಮ್ಮ. ಒಂದೇ ಸೂರಿನಡಿ ನಾಲ್ಕು ಒಲೆ ಇದ್ರೆ ನಮಗೆ ನಾಲ್ಕು ಸಂಸಾರ."

"ಹಾಗಾದ್ರೆ ಹೋಟೆಲಲ್ಲಿ ಉಣ್ಣೋರೆಲ್ಲ ಒಂದೇ ಸಂಸಾರವಾ?" ಎಂದಳು ಅಣ್ಣನ ಹೆಂಡತಿ. ಅವನು ನಗಲಿಲ್ಲ. ದಿನಕ್ಕೆ ನಲವತ್ತು ಮನೆ ಮುಗಿಸಬೇಕಾದವನು.

"ಎರಡು ಒಲೆ, ಸರ್," ಎಂದಳು ತಮ್ಮನ ಹೆಂಡತಿ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳ ಕೆಲಸ. ಈ ಒಂದು ಉತ್ತರಕ್ಕಾಗಿ ಅರ್ಧ ದಿನದ ಕೂಲಿ ಬಿಟ್ಟು ಮನೆಯಲ್ಲಿ ಉಳಿದಿದ್ದಳು. ಕೊರಳಿನ ಗುರುತಿನ ಚೀಟಿಯನ್ನು ಮನೆಯೊಳಗೂ ತೆಗೆದಿರಲಿಲ್ಲ. ಹಿರಿಯವಳಿಗೆ ಆ ಚೀಟಿಯನ್ನು ಕಂಡರಾಗದು. ಅವಳ ಗಂಡ ಹತ್ತೊಂಬತ್ತು ವರ್ಷ ಮುದ್ರಣಾಲಯವೊಂದರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟಿದವನು. ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಅಷ್ಟೂ ವರ್ಷ ದುಡ್ಡು ಹಾಕಿದವನು ಅವನೇ. ತಮ್ಮನ ಮದುವೆಯ ಖರ್ಚೂ ಆ ಡಬ್ಬಿಯಿಂದಲೇ ಹೊರಟಿತ್ತು. ಮುದ್ರಣಾಲಯಕ್ಕೆ ಬೀಗ ಬಿದ್ದು ಇಂದಿಗೆ ನೂರ ನಲವತ್ತಮೂರು ದಿನ. ಈಗ ಪ್ರತಿ ತಿಂಗಳ ಏಳನೆಯ ತಾರೀಕು ಕಿರಿಯವಳು ತನ್ನ ಸಂಬಳವನ್ನೂ ಗಂಡನದನ್ನೂ ಡಬ್ಬಿಯಲ್ಲಿಟ್ಟು, "ಅಕ್ಕ, ಒಂದ್ಸಲ ಎಣಿಸ್ಕೊಳ್ಳಿ" ಎನ್ನುತ್ತಾಳೆ. ಎಷ್ಟು ಹುಡುಕಿದರೂ ಆ ಮಾತಿನಲ್ಲಿ ತಪ್ಪು ಸಿಗುವುದಿಲ್ಲ. ಹಿರಿಯವಳ ಸಂಕಟ ಅದೇ.

"ಇನ್ನೊಂದು ಒಲೆ ಎಲ್ಲಿ?" ಎಂದ ಗಣತಿಯವನು.

ಕಿರಿಯವಳು ತನ್ನ ಕೋಣೆಗೆ ಹೋಗಿ, ಮಂಚದ ಕೆಳಗಿನಿಂದ ಹತ್ತು ಬತ್ತಿಯ ಸೀಮೆಎಣ್ಣೆ ಒಲೆಯೊಂದನ್ನು ತಂದು ನೆಲದ ಮೇಲಿಟ್ಟಳು. ಹಿರಿಯವಳು ಅದನ್ನು ನೋಡುತ್ತಿದ್ದುದು ಅದೇ ಮೊದಲು.

ಗಣತಿಯವನು ಬರೆದು, ಬರೆದದ್ದನ್ನು ಓದಿದ. "ಇಪ್ಪತ್ತಮೂರನೇ ಸಂಸಾರ: ಜನ ನಾಲ್ಕು, ಕೆಲಸ ಇಲ್ಲ, ಆದಾಯ ಸೊನ್ನೆ, ಬಡವರು. ಇಪ್ಪತ್ತನಾಲ್ಕನೇದು: ಜನ ಇಬ್ಬರು, ಆದಾಯ ಹದಿನೆಂಟು ಸಾವಿರದ ಆರುನೂರು, ಬಡವರಲ್ಲ. ತಿಂಗಳಿಗೆ ತಲೆಗೆ ಮೂರು ಸಾವಿರ ಮೀರದಿದ್ರೆ ವರ್ಷಕ್ಕೆ ನೂರು ದಿನ ನಗರಸಭೆ ಕೆಲಸ ಸಿಗುತ್ತೆ. ಯಜಮಾನರು ಮುಂದಿನ ತಿಂಗಳೇ ಬರಬಹುದು."

ಗೋಡೆಗೆ ಒರಗಿ ಕುಳಿತಿದ್ದ ಹಿರಿಯವಳ ಗಂಡ ಬೆನ್ನು ನೆಟ್ಟಗೆ ಮಾಡಿದ. "ನೂರು ದಿನ," ಎಂದು ಮೆಲ್ಲಗೆ ಹೇಳಿಕೊಂಡ.

ಹಿರಿಯವಳು ಹಾಳೆಯತ್ತ ಬಗ್ಗಿ ನೋಡಿದಳು. ಒಂದರ ಕೆಳಗೊಂದು ಎರಡು ಸಾಲು. ಮೇಲಿನದು ತಾನು, ಕೆಳಗಿನದು ಓರಗಿತ್ತಿ.

"ಈ ಒಲೆ ಯಾವಾಗ ತಂದೆ?"

"ಹೋದ ತಿಂಗಳು, ಅಕ್ಕ. ಕಂತಿನ ಮೇಲೆ. ನಮ್ಮ ಕಾರ್ಖಾನೆಯವರ ಬೀದೀಲಿ ಆಗ್ಲೇ ಗಣತಿ ಆಗಿತ್ತು, ಅವರು ಹೇಳಿದ್ರು. ಭಾವನಿಗೆ ಕೆಲಸ ಸಿಗಲಿ ಅಂತ."

"ನನ್ನ ಗಂಡನಿಗೆ ಕೆಲಸ ಕೊಡಿಸೋ ದೊರೆಸಾನಿ ನೀನು. ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ರಿ."

ಗಣತಿಯವನು ಗಡಿಯಾರ ನೋಡಿಕೊಂಡ. "ಯಜಮಾನ್ರೇ, ನೀವು ಹೇಳಿ. ಒಂದೋ, ಎರಡೋ?"

"ಒಂದು ಅಂದ್ರೆ ಒಂದೇ. ಎರಡು ಅಂದ್ರೂ ತಪ್ಪೇನಿಲ್ಲ," ಎಂದು ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ.

ಕಡ್ಡಿ ಮುರಿದಂತೆ ಹೇಳಿದವಳು ಹೆಂಡತಿ. ಒಲೆಯನ್ನೆತ್ತಿ ಗಣತಿಯವನ ಮುಖದ ಮುಂದೆ ಹಿಡಿದಳು. "ಬತ್ತಿ ನೋಡಿ ಸರ್. ಹತ್ತಕ್ಕೆ ಹತ್ತೂ ಬಿಳೀದು. ಒಂದು ದಿನವೂ ಕಡ್ಡಿ ಗೀರಿಲ್ಲ. ಈ ಮನೇಲಿ ಒಲೆ ಒಂದೇ, ಸಂಸಾರ ಒಂದೇ. ಅವಳ ಸಂಬಳ ಅಂದ್ರೆ ನಮ್ಮ ಸಂಬಳ. ಆ ಸೊನ್ನೇನ ಹೊಡೆದು ಹಾಕಿ."

"ಅಕ್ಕ, ಯೋಚನೆ ಮಾಡಿ," ಎಂದಳು ಕಿರಿಯವಳು.

"ಮಾಡಿಯೇ ಹೇಳ್ತಿರೋದು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳಿಸಿದ್ದು ಮಾತ್ರ ಸತ್ಯವಲ್ಲ, ಮತ್ಸರ. ಗಣತಿಯವನು ಎರಡು ಸಾಲನ್ನೂ ಹೊಡೆದು, ಹದಿನೆಂಟು ಸಾವಿರದ ಆರುನೂರನ್ನು ಆರರಿಂದ ಭಾಗಿಸಿದ. "ಮೂರು ಸಾವಿರದ ನೂರು. ತಲೆಗೆ ನೂರು ಹೆಚ್ಚಾಯ್ತು, ಪಟ್ಟಿಗೆ ಬರಲ್ಲ. ಮತ್ತೆ ಗಣತಿ ಐದು ವರ್ಷಕ್ಕೆ. ಸಹಿ ಮಾಡಿ." ಹಿರಿಯವಳು ಸಹಿ ಮಾಡಿದಳು. ಗಂಡನ ಬೆನ್ನು ಮತ್ತೆ ಗೋಡೆಗೆ ಒರಗಿತು.

ಸಂಜೆ ಅವಳು ಎಂದಿನಂತೆ ಆರು ಲೋಟ ಅಕ್ಕಿ ಅಳೆದಳು. ಕೆಲಸ ಮುಗಿಸಿ ಬಂದ ಕಿರಿಯವಳು ಅದರಲ್ಲಿ ಎರಡು ಲೋಟವನ್ನು ಬೇರೆ ಪಾತ್ರೆಗೆ ತೆಗೆದುಕೊಂಡಳು.

"ಎರಡು ಒಲೆ ಅಂತ ಹೊರಗಿನವರ ಮುಂದೆ ಹೇಳಿದ್ದೆ, ಅಕ್ಕ. ನನ್ನ ಮಾತು ಸುಳ್ಳಾಗೋದು ಬೇಡ."

ಪಕ್ಕದ ಕೋಣೆಯ ಬಾಗಿಲು ಮುಚ್ಚಿತು. ಕಡ್ಡಿ ಗೀರಿದ ಸದ್ದು, ಹಿಂದೆಯೇ ಸೀಮೆಎಣ್ಣೆಯ ವಾಸನೆ. ಹಿರಿಯವಳು ಗೂಡಿನ ಡಬ್ಬಿಯತ್ತ ನೋಡಿದಳು. ಏಳನೆಯ ತಾರೀಕಿಗೆ ಇನ್ನೂ ಇಪ್ಪತ್ತೇಳು ದಿನವಿತ್ತು.

ಗೋಡೆಗೆ ಒರಗಿದ್ದ ಗಂಡ ಅಂದು ಮೊದಲ ಸಲ ನೇರವಾಗಿ ಮಾತಾಡಿದ.

"ಹೋಗಿ ಆ ಗಣತಿಯವನನ್ನ ಕರ್ಕೊಂಡು ಬಾ. ಈಗ ಬತ್ತಿ ಕಪ್ಪಾಗಿರುತ್ತೆ."